ಮೂರನೆಯ ವೈರು

ಹಿಂದಿನ ರಾತ್ರಿ ಮಳೆ ಸುರಿದಿದ್ದರೆ ಸಾಕು, ಬೆಳಗ್ಗೆ ನಮ್ಮ ಹಳೆಯ ಕಾರು ಕೆಮ್ಮಲು ಶುರು ಮಾಡುತ್ತಿತ್ತು. ಸ್ಟಾರ್ಟ್ ಆಗುತ್ತಿತ್ತು ನಿಜ, ಆದರೆ ನಾಲ್ಕು ಸಿಲಿಂಡರುಗಳಲ್ಲಿ ಒಂದು ರಜೆ ಹಾಕಿದಂತೆ ಮೈಯೆಲ್ಲ ನಡುಗುತ್ತಿತ್ತು. ಹತ್ತು ನಿಮಿಷ ಕಳೆದು ಎಂಜಿನ್ ಬಿಸಿಯಾದರೆ ಎಲ್ಲವೂ ಸರಿ. ವೈದ್ಯರ ಮುಂದೆ ಕೂತಾಗ ಮಾತ್ರ ಇಳಿದುಹೋಗುವ ಜ್ವರದಂತೆ, ತೋರಿಸಲು ಹೋದಾಗ ದೋಷವೇ ಇರುತ್ತಿರಲಿಲ್ಲ.

ನಾನು ಮೊದಲು ಅನುಮಾನಿಸಿದ್ದು ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರನ್ನು. ಬಿಚ್ಚಿ ತೊಳೆದೆ. ಆಮೇಲೆ ನಾಲ್ಕೂ ಸ್ಪಾರ್ಕ್ ಪ್ಲಗ್‌ಗಳನ್ನು ಬದಲಿಸಿದೆ. ಆಗ ಅವಕ್ಕೆ ವಿದ್ಯುತ್ ತರುವ ಪ್ಲಗ್ ವೈರುಗಳು ನನ್ನ ಕೈಯಲ್ಲೇ ಇದ್ದವು. ರಬ್ಬರು ಬಿರುಸಾಗಿ, ಬಗ್ಗಿಸಿದ ಕಡೆ ಸಣ್ಣ ಬಿರುಕು ಬಿಟ್ಟಿತ್ತು. ಆದರೂ ಅವುಗಳ ಮೇಲೆ ಸಂಶಯ ಬರಲಿಲ್ಲ. ತಿರುಗುವುದೂ ಇಲ್ಲ, ಉಜ್ಜುವುದೂ ಇಲ್ಲ, ಸುಮ್ಮನೆ ಬಿದ್ದಿರುವ ವೈರು ಕೆಡುವುದಾದರೂ ಏಕೆ? ಮೂರನೆಯ ವೈರಿನ ತುದಿಯ ಟೋಪಿ ಪ್ಲಗ್‌ಗೆ ಅಂಟಿ ಕೂತಿತ್ತು. ವೈರನ್ನೇ ಹಿಡಿದು ಬಲವಾಗಿ ಎಳೆದೆ, ಬಂತು.

ಪ್ಲಗ್ ಬದಲಿಸಿದ ಮೇಲೆ ಕೆಮ್ಮು ಬಿಸಿಲಿನಲ್ಲೂ ಬರತೊಡಗಿತು. ಹೊಸ ಪ್ಲಗ್‌ಗಳನ್ನು ಒಂದು ವಾರ ಬೈದೆ.

ಕೊನೆಗೆ ಒಂದು ರಾತ್ರಿ ದೀಪಗಳನ್ನೆಲ್ಲ ಆರಿಸಿ, ಬಾನೆಟ್ ಎತ್ತಿ, ಎಂಜಿನ್ ಚಾಲೂ ಇಟ್ಟು ನೋಡಿದೆ. ಗಿಡಗಳಿಗೆ ನೀರು ಚಿಮುಕಿಸುವ ಬಾಟಲಿಯಿಂದ ಮಗಳು ದೂರದಲ್ಲಿ ನಿಂತು ವೈರುಗಳ ಮೇಲೆ ಮಂಜಿನಂತೆ ನೀರು ಹಾಯಿಸಿದಳು. ಟಿಕ್ ಟಿಕ್ ಎಂದು ಸದ್ದು. ವೈರುಗಳಿಂದ ಎಂಜಿನ್ನಿನ ಕಬ್ಬಿಣಕ್ಕೆ ನೀಲಿ ಎಳೆಗಳು ಹಾರುತ್ತಿದ್ದವು. ಮೂರನೆಯದರ ಬುಡದಲ್ಲಂತೂ ಪುಟ್ಟ ಹಬ್ಬವೇ ನಡೆದಿತ್ತು. ಪ್ಲಗ್ಗಿನೊಳಗೆ ಹಾರಬೇಕಾದ ಕಿಡಿ ಹೊರಗೇ ಹಾರುತ್ತಿದ್ದರೆ ಪೆಟ್ರೋಲನ್ನು ಹೊತ್ತಿಸುವವರು ಯಾರು? ಇನ್ನೂ ಹತ್ತಿರದಿಂದ ನೋಡಲು ಕೈ ಚಾಚಿದೆ. "ಅಪ್ಪಾ, ಮುಟ್ಟಬೇಡಿ!" ಎಂದು ಮಗಳು ಕೂಗಿದ್ದು ಒಳ್ಳೆಯದಾಯಿತು. ಬ್ಯಾಟರಿಯ 12 ವೋಲ್ಟನ್ನು ಇಗ್ನಿಷನ್ ಕಾಯಿಲ್ 20,000 ವೋಲ್ಟ್‌ಗೂ ಮೇಲೆ ಏರಿಸಿ ಆ ವೈರುಗಳಿಗೆ ಕೊಡುತ್ತದೆ.

ಮರುದಿನ ಎಂಜಿನ್ ತಣ್ಣಗಿರುವಾಗ ಹೊಸ ವೈರುಗಳನ್ನು ಹಾಕಲು ಕುಳಿತೆ. ಒಂದನ್ನು ಬಿಚ್ಚಬೇಕು, ಅಷ್ಟೇ ಉದ್ದದ ಹೊಸದನ್ನು ಹಾಕಬೇಕು, ಆಮೇಲೆ ಇನ್ನೊಂದಕ್ಕೆ ಕೈ ಇಡಬೇಕು. ಈ ಸಲ ಟೋಪಿಯನ್ನು ಹಿಡಿದು ಸ್ವಲ್ಪ ತಿರುವಿ ಸಡಿಲ ಮಾಡಿಕೊಂಡೇ ಎಳೆದೆ. ಹೊಸದು ಪ್ಲಗ್ಗಿನ ತಲೆಯ ಮೇಲೆ 'ಟಕ್' ಎಂದು ಕೂರುವ ತನಕ ಒತ್ತಿದೆ. ಮೊದಲನೆಯದು ಎಷ್ಟು ಸಲೀಸಾಗಿ ಆಯಿತೆಂದರೆ, ಎರಡು ಮತ್ತು ಮೂರನ್ನು ಒಟ್ಟಿಗೇ ಬಿಚ್ಚಿಬಿಟ್ಟೆ. ಅವೆರಡರ ಉದ್ದವೂ ಹೆಚ್ಚು ಕಡಿಮೆ ಒಂದೇ.

ಕೀಲಿ ತಿರುಗಿಸಿದಾಗ ಕಾರ್ಬುರೇಟರಿನಿಂದ 'ಢಬ್' ಎಂದು ಸದ್ದು ಬಂತು. ಅಂಗಳದ ಕಾಗೆಗಳೆಲ್ಲ ಎದ್ದುಹೋದವು. ಈ ಎಂಜಿನ್ನಿನಲ್ಲಿ ಕಿಡಿಯ ಸರದಿ 1-3-4-2. ಎರಡಕ್ಕೂ ಮೂರಕ್ಕೂ ಅದಲುಬದಲಾದರೆ ಕಿಡಿ ತಪ್ಪು ಹೊತ್ತಿನಲ್ಲಿ, ತಪ್ಪು ಮನೆಗೆ ಹೋಗುತ್ತದೆ. ಸರದಿಯಂತೆ ವೈರುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪಿನ ಮೇಲೆ ಬೆರಳಿಟ್ಟು ಒಂದರಿಂದ ಎಣಿಸುತ್ತಾ ಬಂದೆ, ಅದಲುಬದಲು ಮಾಡಿ ಹಾಕಿದೆ. ಮತ್ತೆ ಕೀಲಿ ತಿರುಗಿಸಿದರೆ ಎಂಜಿನ್ ಒಂದೇ ಶ್ರುತಿಯಲ್ಲಿ ಓಡತೊಡಗಿತು. ಎಷ್ಟೋ ತಿಂಗಳ ಮೇಲೆ ಸ್ಟಿಯರಿಂಗ್ ನಡುಗದ ಕಾರಿನಲ್ಲಿ ಸುಮ್ಮನೆ ಕೂತಿದ್ದೆ.

ಸಂಜೆ ಹಳೆಯ ವೈರುಗಳನ್ನು ಎಸೆಯುವ ಮುನ್ನ ಮಲ್ಟಿಮೀಟರ್ ಹಿಡಿದು ನೋಡಿದೆ. ಮೂರು ವೈರುಗಳು ತಮ್ಮ ಉದ್ದಕ್ಕೆ ತಕ್ಕಂತೆ ಸಾವಿರಗಳ ಲೆಕ್ಕದಲ್ಲಿ ಓಮ್, ಅಂದರೆ ವಿದ್ಯುತ್ತಿಗೆ ಇರುವ ತಡೆ, ತೋರಿಸಿದವು. ಮೂರನೆಯದು ಏನೂ ತೋರಿಸಲಿಲ್ಲ. ಟೋಪಿಯ ಹತ್ತಿರ ಬಗ್ಗಿಸಿದರೆ ಅಂಕಿ ಬರುತ್ತಿತ್ತು, ಬಿಟ್ಟರೆ ಹೋಗುತ್ತಿತ್ತು. ಬ್ಲೇಡಿನಿಂದ ಸೀಳಿದೆ. ಒಳಗೆ ತಾಮ್ರವಲ್ಲ, ಇಂಗಾಲ ಹೀರಿದ ಕಪ್ಪು ನಾರು. ರೇಡಿಯೋದಲ್ಲಿ ಕರಕರ ಸದ್ದು ಬಾರದಿರಲೆಂದು ಹಾಗೆ ಮಾಡಿರುತ್ತಾರೆ. ಆದರೆ ಅದು ಎಳೆತವನ್ನು ತಾಳುವುದಿಲ್ಲ. ಟೋಪಿಯ ಕುತ್ತಿಗೆಯಲ್ಲೇ ನಾರು ತುಂಡಾಗಿ, ಆ ಸಂದಿನಲ್ಲಿ ಸುಟ್ಟ ಗುರುತಿತ್ತು.

"ಇದು ಹೇಗೆ ತುಂಡಾಯಿತು?" ಎಂದು ಮಗಳು ಕೇಳಿದಳು.

"ಹಳೆಯದಲ್ಲವೇ" ಎಂದೆ.

ಅವಳು ಪಕ್ಕದಲ್ಲಿದ್ದ ಉಳಿದ ಮೂರನ್ನು ನೋಡಿದಳು. ಅವೂ ಅಷ್ಟೇ ಹಳೆಯವು.