ಒತ್ತಕ್ಷರದ ಆಟ: ಕೊನೆಗೂ ಎಳೆಯೋದನ್ನೇ ಕೈಬಿಟ್ಟೆ

ಮೂರು ವಾರ ಒದ್ದಾಡಿದ ಮೇಲೆ ನಿನ್ನೆ ರಾತ್ರಿ 'ಲಕ್ಷ್ಮಿ' (ನನ್ನ ಆಟದ ಒಂದು ಪದ) ಫೋನಿನಲ್ಲಿ ನೆಟ್ಟಗೆ ಕೂತಳು.

ಒತ್ತಕ್ಷರ ಜೋಡಿಸುವ ಈ ಆಟ ಅಕ್ಕನ ಮಗಳಿಗೆ ಅಂತ ಶುರುವಾದದ್ದು. ಮೊದಲು ಸ್ಲೈಡ್ ಥರದ ಒಂದು ಆಥರಿಂಗ್ ಟೂಲಿನಲ್ಲಿ (ಕೋಡ್ ಬರೆಯದೆ ಪಾಠ ತಯಾರಿಸೋ ಸಾಫ್ಟ್‌ವೇರ್) ಮಾಡಿದ್ದೆ. ಅಕ್ಷರದ ಕಾರ್ಡ್ ಎಳೆದು ಖಾಲಿ ಮನೆಗೆ ಬಿಡೋದು, ಅಂಕ, ಮೂಡಲ್ ಅನ್ನೋ ಆನ್‌ಲೈನ್ ಕಲಿಕೆಯ ತಾಣಕ್ಕೆ ಹಾಕೋಕೆ ಸ್ಕಾರ್ಮ್ ಪ್ಯಾಕೇಜ್ (ಪಾಠವನ್ನೂ ಅಂಕವನ್ನೂ ಅಂಥ ತಾಣಕ್ಕೆ ಜೋಡಿಸೋ ಮಾದರಿ), ಎಲ್ಲ ಒಂದೇ ಭಾನುವಾರದ ಕೆಲಸ. ಅವಳು ಫೋನಿನಲ್ಲಿ ತೆರೆದಳು. "ಮಾಮಾ, ಒತ್ತು ಎಲ್ಲಿದೆ? ಬರೀ ಇರುವೆ ಕಾಣ್ತಿದೆ."

ಲೆಕ್ಕ ಸುಲಭ. 720 ಪಿಕ್ಸೆಲ್ ಅಗಲದ ಸ್ಲೈಡ್ 360ರ ಫೋನಿಗೆ ಬಂದರೆ ಎಲ್ಲವೂ ಅರ್ಧ. ನಾನಿಟ್ಟ 18ರ ಅಕ್ಷರ 9 ಆಯ್ತು, ಒತ್ತು ಅದಕ್ಕಿಂತ ಚಿಕ್ಕದು. ಕೆಳಗೆ ಅರ್ಧಕ್ಕಿಂತ ಜಾಸ್ತಿ ಪರದೆ ಸುಮ್ನೆ ಖಾಲಿ.

ಸರಿ, ನಾನೇ ಸೈಟ್ ಕಟ್ತೀನಿ ಅಂತ ಹೊರಟೆ. ಗ್ರಿಡ್, ಮೀಡಿಯಾ ಕ್ವೆರಿ, ಅಂದ್ರೆ ಪರದೆಯ ಅಗಲಕ್ಕೆ ತಕ್ಕ ಹಾಗೆ ಪುಟ ಜೋಡಿಸೋ ವಿಧಾನಗಳು, ಅದರ ಕಥೆ ಬಿಡಿ. ಸೋಮಾರಿತನಕ್ಕೆ ದುಡ್ಡು ಕೊಟ್ಟು ಒಂದು ಥೀಮ್ (ಸೈಟಿನ ಸಿದ್ಧ ವಿನ್ಯಾಸ) ತಗೊಂಡೆ. ಕಾರ್ಡಿನ ಎತ್ತರ ಫಿಕ್ಸ್, ಲೈನ್ ಹೈಟ್ (ಸಾಲಿನ ಎತ್ತರ) ಬರೀ 1.1, ಅದರ ಮೇಲೆ ಓವರ್‌ಫ್ಲೋ ಹಿಡನ್, ಅಂದ್ರೆ ಕಾರ್ಡಿನಿಂದ ಹೊರಗೆ ಹೋದದ್ದು ಕಾಣೋದೇ ಇಲ್ಲ. ಮ ಒತ್ತು ಕತ್ತರಿಸಿಹೋಗಿ ಲಕ್ಷ್ಮಿ 'ಲಕ್ಷಿ' ಆದಳು. ಮಾರಿದವರಿಗೆ ಬರೆದರೆ "ನಮ್ಮ ಡೆಮೋದಲ್ಲಿ ಸರಿಯಾಗಿದೆ" ಅಂತ ಉತ್ತರ. ಡೆಮೋ ಇಂಗ್ಲಿಷಿನಲ್ಲಿತ್ತು ಸ್ವಾಮಿ! ಫಿಕ್ಸ್ ಎತ್ತರದ ಬದಲು ಮಿನ್-ಹೈಟ್ (ಕನಿಷ್ಠ ಎತ್ತರ) ಹಾಕಿ, ಲೈನ್ ಹೈಟ್ 1.7 ಮಾಡಿದೆ. ಒತ್ತು ವಾಪಸ್ ಬಂತು.

ತಲೆ ತಿಂದದ್ದು ಎಳೆಯೋದು. ಟೂಲಿನಲ್ಲಿ ಪುಕ್ಕಟೆ ಸಿಕ್ಕಿದ್ದನ್ನು ಇಲ್ಲಿ ಪಾಯಿಂಟರ್ ಇವೆಂಟ್‌ಗಳಿಂದ (ಬೆರಳು, ಮೌಸ್ ಎಲ್ಲಿದೆ ಅಂತ ಬ್ರೌಸರ್ ಕೊಡೋ ಸೂಚನೆ) ನಾನೇ ಬರೆಯಬೇಕಾಯ್ತು. ಕಾರ್ಡಿಗೆ ಟಚ್-ಆಕ್ಷನ್ ನನ್ (ಇಲ್ಲಿ ಮುಟ್ಟಿದರೆ ಪುಟ ಜಾರಿಸಬೇಡ ಅಂತ ಬ್ರೌಸರಿಗೆ ಹೇಳೋದು) ಹಾಕದಿದ್ದರೆ ಕಾರ್ಡಿನ ಬದಲು ಪುಟ ಜಾರುತ್ತೆ. ಹಾಕಿದರೆ ಪುಟ ಅಲ್ಲಾಡೋದೇ ಇಲ್ಲ, ಯಾಕಂದ್ರೆ ಫೋನಿನಲ್ಲಿ ಕಾರ್ಡುಗಳೇ ಪರದೆ ತುಂಬಿಕೊಂಡಿವೆ. ಬೆರಳು ಎಲ್ಲಿಟ್ಟರೂ ಒಂದು ಕಾರ್ಡ್! ಖಾಲಿ ಮನೆಗಳು ಕೆಳಗಿವೆ, ಅಲ್ಲಿಗೆ ಹೋಗೋಕೆ ದಾರಿಯಿಲ್ಲ. ಪ್ಯಾನ್-ವೈ (ಮೇಲೆ ಕೆಳಗೆ ಮಾತ್ರ ಪುಟ ಜಾರಿಸಲು ಬಿಡೋದು) ಹಾಕಿದೆ, ಕೆಳಕ್ಕೆ ಎಳೆದರೆ ಮತ್ತೆ ಪುಟವೇ ಜಾರಿತು. ಸ್ವಲ್ಪ ಹೊತ್ತು ಒತ್ತಿ ಹಿಡಿದ ಮೇಲೆ ಎಳೆಯೋ ಹಾಗೆ ಮಾಡಿದೆ, 'ನಕಲಿಸಿ' ಅಂತ ಮೆನು ಎದ್ದಿತು. ಅದನ್ನು ಅಡಗಿಸಿದೆ. ಅಷ್ಟು ಹೊತ್ತು ಒತ್ತಿ ಹಿಡಿಯೋ ತಾಳ್ಮೆ ಏಳು ವರ್ಷದವಳಿಗೆ ಎಲ್ಲಿರುತ್ತೆ?

ಕೊನೆಗೆ ಫೋನಿನಲ್ಲಿ ಎಳೆಯೋದನ್ನೇ ತೆಗೆದೆ. ಕಾರ್ಡ್ ಮುಟ್ಟಿದರೆ ಹಳದಿ ಆಗುತ್ತೆ, ಮನೆ ಮುಟ್ಟಿದರೆ ಹೋಗಿ ಕೂರುತ್ತೆ. ಇಪ್ಪತ್ತು ಸಾಲಿನ ಕೋಡ್. ಲ್ಯಾಪ್‌ಟಾಪಿನಲ್ಲಿ ಎಳೆಯೋದು ಹಾಗೇ ಇದೆ. 2023ರಲ್ಲಿ ಬಂದ ಡಬ್ಲ್ಯೂಸಿಎಜಿ 2.2 (ವೆಬ್ ಪುಟ ಎಲ್ಲರೂ ಬಳಸೋ ಹಾಗಿರಲಿ ಅನ್ನೋ ಮಾರ್ಗಸೂಚಿ) ಕೂಡ ಎಳೆಯದೆ ಮಾಡೋ ದಾರಿ ಇರಲಿ ಅಂತಲೇ ಹೇಳುತ್ತೆ. ಮೊದಲೇ ಓದಿದ್ದರೆ ಎರಡು ವಾರ ಉಳೀತಿತ್ತು.

ಸ್ಕಾರ್ಮ್ ಜೋಡಿಸೋದು ಬಾಕಿ. ಸದ್ಯಕ್ಕೆ ಅಂಕ ಎಲ್ಲೂ ಉಳಿಯಲ್ಲ. ಅದನ್ನು ಮಾಡೋದು ಬಿಟ್ಟು ಮನಸ್ಸು ಆಗಲೇ ಪದಬಂಧದ ಕಡೆ ಓಡಿದೆ. ಒಂದು ಚೌಕಕ್ಕೆ ಒಂದು ಅಕ್ಷರ, ಅಷ್ಟೇ ಅಲ್ವಾ ಅಂದುಕೊಂಡಿದ್ದೆ. 'ಸ್ತ್ರೀ' ಒಂದೇ ಅಕ್ಷರ, ಒಳಗೆ 6 ಯೂನಿಕೋಡ್ ಕೋಡ್ (ಕಂಪ್ಯೂಟರಿನಲ್ಲಿ ಲಿಪಿಯ ಚಿಹ್ನೆಗಳಿಗಿರೋ ಸಂಖ್ಯೆ)! ಪದವನ್ನು ಸರಿಯಾಗಿ ಅಕ್ಷರ ಅಕ್ಷರವಾಗಿ ಒಡೆಯೋದೇ ಮೊದಲ ಕೆಲಸ.

ಇಷ್ಟು ಬರೆಯುವಷ್ಟರಲ್ಲಿ ಅಕ್ಕನ ಮಗಳ ಫೋನು: ಅಡ್ಡ ಹಿಡಿದರೆ ಅಂಕ ಸೊನ್ನೆ ಆಗ್ತಿದೆಯಂತೆ. ಪರದೆಯ ಅಗಲ ಬದಲಾದಾಗಲೆಲ್ಲ ಆಟವನ್ನು ಮೊದಲಿಂದ ಕಟ್ಟುವ ಸಾಲು ನಾನೇ ಬರೆದದ್ದು. ಥೀಮಿನವರನ್ನು ಬೈಯೋ ಹಾಗೂ ಇಲ್ಲ.