ಆರ್6, ಆರ್7 ಮತ್ತು ನನ್ನ 22 ಪಿಎಸ್‌ಐ

ನನ್ನ ಬೈಕ್ ಯಮಹಾ ಆರ್7. ಗೆಳೆಯನದು 2017ರ ಆರ್6. ಹೆಸರು ನೋಡಿದರೆ ನನ್ನದೇ ದೊಡ್ಡಣ್ಣ. ಲೆಕ್ಕ ಮಾತ್ರ ಉಲ್ಟಾ. ಅವನ 599 ಸಿಸಿ ನಾಲ್ಕು ಸಿಲಿಂಡರ್ ಸುಮಾರು 118 ಪಿಎಸ್ ಪವರ್ ಕೊಡುತ್ತದೆ, ನನ್ನ 689 ಸಿಸಿ ಎರಡು ಸಿಲಿಂಡರ್ 73ಕ್ಕೇ ಸಾಕಪ್ಪ ಅನ್ನುತ್ತದೆ. ಹೋದ ವಾರ ಟ್ರ್ಯಾಕ್‌ನಲ್ಲಿ ಬೈಕ್ ಅದಲುಬದಲು ಮಾಡಿಕೊಂಡೆವು.

ಮೊದಲ ಎರಡು ಸುತ್ತು ಆರ್6 ಬೇಜಾರು ಹಿಡಿಸಿತು. ಹೇರ್‌ಪಿನ್ ತಿರುವು ದಾಟಿ ಎರಡನೇ ಗೇರ್‌ನಲ್ಲಿ ಥ್ರಾಟಲ್ ತಿರುಗಿಸಿದೆ, ಬರೀ ಸದ್ದು. ಮೀಟರ್ ನೋಡಿದರೆ ಎಂಜಿನ್ ನಿಮಿಷಕ್ಕೆ 6,500 ಸುತ್ತು. ನನ್ನ ಬೈಕಿಗೆ ಪೂರ್ತಿ 67 ಎನ್‌ಎಂ ಟಾರ್ಕ್ (ಎಂಜಿನ್ನಿನ ತಿರುಗಿಸುವ ಬಲ) ಸಿಗುವ ಜಾಗ ಅದು. ಆರ್6ಗೆ ಟಾರ್ಕ್ ತುದಿ ಮುಟ್ಟುವುದು 10,500ಕ್ಕೆ, ಪವರ್ 14,500ಕ್ಕೆ. ಒಂದನೇ ಗೇರ್‌ಗೆ ಇಳಿಸಿದೆ. ಹತ್ತು ಸಾವಿರ ದಾಟಿದ್ದೇ ತಡ, ಹಿಂದಿನಿಂದ ಯಾರೋ ನೂಕಿದ ಹಾಗಾಯಿತು. ಆದರೆ ನನ್ನ ಎಡಗಾಲಿಗೆ ಹಳೇ ಚಾಳಿ. ಮಜಾ ಶುರುವಾಗುವ ಹೊತ್ತಿಗೆ ಸರಿಯಾಗಿ ಗೇರ್ ಏರಿಸಿಬಿಡುತ್ತಿತ್ತು!

ತಿರುವಿಗೆ ಬೀಳುವುದರಲ್ಲಂತೂ ಆರ್6 ಕತ್ತಿ. ನನ್ನದರ ಮುಂಭಾಗ ಒಂದು ತಿಂಗಳಿಂದ ಭಾರ ಅನಿಸುತ್ತಿತ್ತು. ವೀಲ್‌ಬೇಸ್ (ಎರಡು ಚಕ್ರಗಳ ನಡುವಿನ ಅಂತರ) 20 ಮಿ.ಮೀ. ಜಾಸ್ತಿ ಅಲ್ವಾ, ಅದಕ್ಕೇ ಅಂತ ಎಲ್ಲರಿಗೂ ಪಾಠ ಮಾಡುತ್ತಿದ್ದೆ. ಗೆಳೆಯ ನನ್ನ ಬೈಕ್ ಇಳಿದವನೇ ಮಾತಾಡದೆ ಮುಂದಿನ ಟೈರಿಗೆ ಗಾಳಿಯ ಒತ್ತಡ ಅಳೆಯುವ ಗೇಜ್ ಇಟ್ಟ. 22 ಪಿಎಸ್‌ಐ. ಕಂಪನಿ ಹೇಳುವುದು 36. ಟ್ರ್ಯಾಕ್‌ಗೆ ಗಾಳಿ ಸ್ವಲ್ಪ ಇಳಿಸುತ್ತಾರೆ, ನಿಜ. ನಾನು ಇಳಿಸಿರಲಿಲ್ಲ, ನೋಡಿಯೇ ಇರಲಿಲ್ಲ. 30ಕ್ಕೆ ತುಂಬಿಸಿ ಹೊರಟೆ. ಮೊದಲ ತಿರುವಿನಲ್ಲೇ ಬೈಕ್ ಎಷ್ಟು ಬೇಗ ವಾಲಿತು ಅಂದರೆ ಒಳಗಿನ ಕರ್ಬ್ (ಟ್ರ್ಯಾಕ್ ಅಂಚಿನ ಕಟ್ಟೆ) ಹತ್ತಿಸಿಬಿಟ್ಟೆ. ವೀಲ್‌ಬೇಸ್ ಪಾಠ ಅಲ್ಲಿಗೆ ಬಂದ್.

ಗಾಳಿ ಸರಿಯಾದ ಮೇಲೂ ಉಳಿದ ವ್ಯತ್ಯಾಸ ಬ್ರೇಕಿನದು. ಆರ್6ನ 43 ಮಿ.ಮೀ. ಫೋರ್ಕ್ (ಮುಂದಿನ ಸಸ್ಪೆನ್ಷನ್), 320 ಮಿ.ಮೀ. ಬ್ರೇಕ್ ಡಿಸ್ಕ್ ಎರಡೂ ಯಮಹಾದ ದೊಡ್ಡ ಬೈಕ್ ಆರ್1ನಿಂದ ಬಂದವು. ಬ್ರೇಕ್ ಹಿಡಿದುಕೊಂಡೇ ತಿರುವಿಗೆ ನುಗ್ಗಿದರೂ ಮುಂದಿನ ಟೈರ್ ಏನು ಮಾಡುತ್ತಿದೆ ಅಂತ ಅಂಗೈಗೆ ಗೊತ್ತಾಗುತ್ತದೆ. ನನ್ನ ಫೋರ್ಕ್ ಅಲ್ಲಿ ಬೇಗ ಮುಳುಗುತ್ತದೆ. ಎಡ-ಬಲ ಹೊರಳಿಸುವ ಕಡೆ ಮಾತ್ರ ತೆಳ್ಳಗಿನ ಆರ್7 ನನಗೆ ಸಲೀಸು. ಮಣಿಕಟ್ಟು ನೋವಿನಲ್ಲಿ ಎರಡೂ ಸಮ.

ನನ್ನ ಒಳ್ಳೆಯ ಸುತ್ತು ಬಂದಿದ್ದು ಆರ್7ನಲ್ಲೇ. ಗೆಳೆಯನದು ಆರ್6ನಲ್ಲಿ, ನನಗಿಂತ ಏಳು ಸೆಕೆಂಡ್ ಬೇಗ. ಅವನ ಗೇಜ್ ಇನ್ನೂ ನನ್ನ ಬ್ಯಾಗಿನಲ್ಲೇ ಇದೆ.