ಶರಾವತಿ ಫುಲ್

ಸೋಮವಾರದಿಂದ ಅದೇ ಮಾತು ತಲೆಯಲ್ಲಿ ಸುತ್ತುತ್ತಿದೆ. ‘ಶರಾವತಿ ಫುಲ್ ಮೇಡಂ. ತುಂಗಾದಲ್ಲಿ ಒಂದು ಸೀಟಿದೆ, ನೋಡಿ.’

ಮಗಳು, ಹಾಸಿಗೆ, ಬಕೆಟ್ ಸಮೇತ ವಿಶ್ವವಿದ್ಯಾಲಯದ ಹಾಸ್ಟೆಲ್ ಆಫೀಸಿನಲ್ಲಿ ನಿಂತಿದ್ದೆವು. ಗುಮಾಸ್ತ ರಿಜಿಸ್ಟರಿನಿಂದ ತಲೆ ಎತ್ತಲಿಲ್ಲ. ಕೆಟ್ಟವನಲ್ಲ, ಬೆಳಗಿನಿಂದ ನೂರು ಸಲ ಅದನ್ನೇ ಹೇಳಿರಬೇಕು. ನಮ್ಮ ಯಜಮಾನರು ಕಾರಿನ ಹತ್ತಿರ ಫೋನಲ್ಲಿದ್ದರು. ಇಂಥ ಹೊತ್ತಿಗೆ ಅವರಿಗೆ ಫೋನ್ ಬಂದೇ ಬರುತ್ತದೆ.

ಉತ್ತರ ಕೊಟ್ಟದ್ದು ಅವ್ವ. ‘ತುಂಬ್ತಾ? ಹಂಗಾರೆ ನಾವು ಏಳೋದೇ ಸೈ ಬಿಡಪ್ಪ. ನಮಗೇನ್ ಹೊಸದಾ?’

ಅವನಿಗೆ ತಲೆಬುಡ ತಿಳಿಯಲಿಲ್ಲ. ನನಗೆ ಮೊದಲು ನಗು ಬಂತು. ಆಮೇಲೆ ಬರಲಿಲ್ಲ.

ಗೋಡೆಯಲ್ಲಿ ಹೆಸರಿನ ಕತೆ ಬರೆದ ಬೋರ್ಡಿತ್ತು. ಸೀತೆಗೆ ಬಾಯಾರಿದಾಗ ರಾಮ ಬಾಣ ಹೊಡೆದ ಜಾಗ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥ. ಶರದಿಂದ ಹುಟ್ಟಿದವಳು ಶರಾವತಿ. 128 ಕಿಲೋಮೀಟರ್ ಹರಿದು ಹೊನ್ನಾವರದಲ್ಲಿ ಕಡಲು. ನಡುವೆ ಜೋಗ, 830 ಅಡಿ. ಎಲ್ಲ ಸರಿ. ಆದರೆ 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಲ್ಲಿ ಊರೂರೇ ಹೋದದ್ದಕ್ಕೆ ಒಂದು ಸಾಲೂ ಇಲ್ಲ. ಹಳೇ ಹಿರೇಭಾಸ್ಕರ ಅಣೆಕಟ್ಟನ್ನೇ ನುಂಗಿದ ನೀರು ಅದು. ಮಳೆ ಕೈಕೊಟ್ಟ ವರ್ಷ ಆ ಕಟ್ಟೆ ತಲೆ ಎತ್ತುತ್ತದೆ, ಜನ ಸೆಲ್ಫಿಗೆ ಹೋಗುತ್ತಾರೆ.

ಅವ್ವನಿಗಾಗ ಹದಿನಾರು. ಬಾಗಿಲು, ತೊಲೆ, ದನಕರು ಎಲ್ಲ ಲಾರಿಗೆ ಹೇರಿ ಶಿವಮೊಗ್ಗ ಕಡೆಯ ಕಾಡಲ್ಲಿ ತಂದು ಇಳಿಸಿದರು. ಒರಳುಕಲ್ಲು ಮಾತ್ರ ಅಲ್ಲೇ ಉಳಿಯಿತು, ಅದನ್ನು ಈಗಲೂ ಎತ್ತಾಡುತ್ತಾಳೆ. ಹಕ್ಕುಪತ್ರ ಇವತ್ತಿಗೂ ಸಿಕ್ಕಿಲ್ಲ. ನಾವು ಉಳುವ ಗದ್ದೆ ಕಾಗದದಲ್ಲಿ ಇನ್ನೂ ಕಾಡು.

ಬೋರ್ಡಿನ ಮೇಲೊಂದು ಟ್ಯೂಬ್‌ಲೈಟ್ ಹಾಡಹಗಲೇ ಉರಿಯುತ್ತಿತ್ತು. ಓದು ಬಾರದ ಅವ್ವ ಬೋರ್ಡಿನ ಗೋಜಿಗೆ ಹೋಗದೆ ಸ್ವಿಚ್ ಹುಡುಕಿ ಆರಿಸಿದಳು. ಮನೆಯಲ್ಲೂ ಹೀಗೇ. ‘ನಮ್ಮ ಗದ್ದೆ ಮುಳುಗ್ಸಿ ಹಚ್ಚಿದ ದೀಪ ಕಣೇ’ ಎನ್ನುತ್ತಾಳೆ. ಪರೀಕ್ಷೆಗೆ ಓದುವಾಗ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಹೆಸರಿಟ್ಟವರ ಮೇಲೆ ನನಗೆ ಸಿಟ್ಟಿಲ್ಲ. ಹೊಳೆಯ ಹೆಸರು ಚಂದ ಎಂದು ಇಟ್ಟಿರುತ್ತಾರೆ. ಮಗಳಿಗೂ ಶರಾವತಿ ಎಂದರೆ ಬಿಸಿನೀರು ಬರುವ ಬ್ಲಾಕ್, ಅಷ್ಟೆ. ಅವಳಿಗೆ ನಾನಾದರೂ ಯಾವತ್ತು ಕೂರಿಸಿಕೊಂಡು ಹೇಳಿದ್ದೆ? ಅವ್ವ ಶುರು ಮಾಡಿದರೆ ‘ಆಯ್ತಲ್ಲ ಬಿಡವ್ವ’ ಎಂದು ಬಾಯಿ ಮುಚ್ಚಿಸಿದವಳೂ ನಾನೇ.

ನಿನ್ನೆ ರಾತ್ರಿ ಮಗಳ ಫೋನು. ‘ಅಮ್ಮಾ, ಶರಾವತೀಲಿ ಒಂದು ಸೀಟ್ ಖಾಲಿ ಆಯ್ತಂತೆ. ಹೋಗ್ಲಾ?’

ಸ್ಪೀಕರಿನಲ್ಲಿ ಕೇಳಿಸಿಕೊಂಡ ಅವ್ವ ಉಣ್ಣುವ ಕೈ ನಿಲ್ಲಿಸಿದಳು.

‘ಅಲ್ಲಿದ್ದ ಹುಡುಗಿ ತಾನೇ ಹೋದ್ಲಾ, ಎಬ್ಸಿದ್ರಾ? ಮೊದ್ಲು ಅದನ್ನ ಕೇಳು.’